ಕಿಲೋಗೆ ಅರವತ್ತು ಗ್ರಾಂ

ಫೆಬ್ರವರಿ 3

ತೂಕ ಮತ್ತು ಅಳತೆ ಕಚೇರಿಯ ಮುಖ್ಯ ಇನ್ಸ್‌ಪೆಕ್ಟರ್ ಅವರಿಗೆ,

ಮಾನ್ಯರೇ,

ನದಿಯ ಎರಡೂ ದಡದ ಸರ್ಕಾರಗಳ ನಡುವಿನ ಹಿಟ್ಟಿನ ಒಪ್ಪಂದದ ಪ್ರಕಾರ, ಮಾರ್ಚ್ ಎರಡನೇ ವಾರದಿಂದ ನಿಮ್ಮ ಕಡೆಯ ಹಿಟ್ಟು ಸೇತುವೆ ದಾಟಿ ನಮ್ಮ ಊರಿನ ನಲವತ್ತು ರೇಷನ್ ಡಿಪೋಗಳಿಗೆ ಬರಲಿದೆ. ಅದನ್ನು ತೂಗಿ ಹಂಚುವ ಕಲ್ಲುಗಳ ಮೇಲೆ ನಿಮ್ಮ ಕಚೇರಿಯ ಮುದ್ರೆ ಇರಲೇಬೇಕೆಂದು ನಿಮ್ಮವರು ಹಟ ಹಿಡಿದಿದ್ದಾರೆ. ಆದ್ದರಿಂದ ನಮ್ಮ ಸಾರ್ವಜನಿಕ ತಕ್ಕಡಿ ಕಾರ್ಖಾನೆಯಿಂದ ಒಂದು ಕಿಲೋದ ನಲವತ್ತು ತೂಕದ ಕಲ್ಲುಗಳನ್ನು ಕಳಿಸುತ್ತಿದ್ದೇನೆ. ಮುದ್ರೆ ಒತ್ತಿ ಮಾರ್ಚ್ ಐದರೊಳಗೆ ಹಿಂದಿರುಗಿಸಬೇಕಾಗಿ ಕೋರುತ್ತೇನೆ.

ಇಷ್ಟು ಕಾರ್ಖಾನೆಯ ಅಧ್ಯಕ್ಷನಾಗಿ. ಇನ್ನು ತಮ್ಮನಾಗಿ.

ಅಕ್ಕ, ಈ ಮುದ್ರೆ ಬರೀ ಶಾಸ್ತ್ರಕ್ಕೆ. ಇವೆಲ್ಲ ನೀನು ನೋಡಿ ಬೆಳೆದ ಕಲ್ಲುಗಳೇ, ಅರ್ಧದಷ್ಟು ಅಪ್ಪನ ಕೈಯವು. ಮತ್ತೆ ಒಂದೊಂದನ್ನೂ ತೂಗುತ್ತ ಕೂತು ಸಮಯ ಹಾಳು ಮಾಡಿಕೊಳ್ಳಬೇಡ. ನಿನ್ನ ಆರೋಗ್ಯ ಹೇಗಿದೆ? ಅಮ್ಮ ಚೆನ್ನಾಗಿದ್ದಾಳೆ.

ನಿನ್ನ ತಮ್ಮ

ಫೆಬ್ರವರಿ 9

ಅಧ್ಯಕ್ಷರೇ,

ಪೆಟ್ಟಿಗೆ ಬಂತು. ನಲವತ್ತು ಕಲ್ಲುಗಳಿವೆ. ರಸೀದಿ ಇದರ ಜೊತೆಗಿದೆ. ಇನ್ಸ್‌ಪೆಕ್ಟರ್ ಮಾತು ಇಲ್ಲಿಗೆ ಮುಗಿಯಿತು. ಇನ್ನು ಅಕ್ಕ ಮಾತಾಡುತ್ತಾಳೆ.

ಮೂರು ವರ್ಷ ಒಂದು ಗೆರೆ ಬರೆಯದವನು ಈಗ ಆರೋಗ್ಯ ವಿಚಾರಿಸುತ್ತೀಯ. ನನಗೆ ಬೆಣ್ಣೆ ಹಚ್ಚಬೇಡ. ಅಪ್ಪ ಹೋದ ಸುದ್ದಿಯನ್ನು ನನಗೆ ಬರೆದದ್ದು ನೀನಲ್ಲ, ಲೇತ್ ನಡೆಸುತ್ತಿದ್ದ ಹಳೆಯ ಕೆಲಸಗಾರ. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ. ನಿಮ್ಮ ಪಾರ್ಟಿ ಊರು ಹಿಡಿದ ವಾರ ನೀನು ಅಪ್ಪನ ಬೆಂಚಿನ ಮೇಲೆ ಹತ್ತಿ ನಿಂತು, ಕಾರ್ಖಾನೆ ಇನ್ನು ಸರ್ಕಾರದ್ದು ಎಂಬ ಹುಕುಂ ಓದಿದೆಯಂತೆ. ಹೆತ್ತ ಅಪ್ಪನನ್ನು ‘ಮಾಲೀಕ’ ಎಂದು ಕರೆದೆಯಂತೆ. “ಮಾಲೀಕ, ನಿನ್ನ ಉಳಿ ಕೆಳಗಿಡು” ಅಂದೆಯಂತೆ. ಆರು ಜನ ಕೆಲಸಗಾರರ ಜೊತೆ ಒಂದೇ ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದ, ಅವರ ಮನೆಗೆ ಕಾಯಿಲೆ ಬಂದರೆ ತಾನು ನಿದ್ದೆಗೆಡುತ್ತಿದ್ದ ಮನುಷ್ಯ, ಮಾಲೀಕ! ಆಮೇಲೆ ಅವರು ಕಟ್ಟಿದ ಕಾರ್ಖಾನೆಯ ಬಾಗಿಲಲ್ಲೇ ಅವರಿಗೊಂದು ಸ್ಟೂಲು. ಹದಿನಾಲ್ಕು ತಿಂಗಳು ಅದರ ಮೇಲೆ ಕೂತು, ಅದರ ಮೇಲೇ ಪ್ರಾಣ ಬಿಟ್ಟರು. ಗಡಿ ಮುಚ್ಚಿತ್ತು. ನಾನು ಮುಖ ಕೂಡ ನೋಡಲಿಲ್ಲ.

ಅವತ್ತೇ ನಿರ್ಧಾರ ಮಾಡಿದೆ. ನಿನ್ನನ್ನು ಒಂದು ದಿನ ಅದೇ ಸ್ಟೂಲಿನ ಮೇಲೆ ಕೂರಿಸುತ್ತೇನೆ. ಹೇಗೆ ಅಂತ ಗೊತ್ತಿರಲಿಲ್ಲ. ಈಗ ನೀನೇ ನಲವತ್ತು ಕಲ್ಲು ಪ್ಯಾಕ್ ಮಾಡಿ ಮನೆಬಾಗಿಲಿಗೆ ಕಳಿಸಿದ್ದೀಯ.

ತೂಗಬೇಡ ಅನ್ನುತ್ತೀಯ. ಎರಕದ ಕಲ್ಲಿನ ತಳದಲ್ಲಿ ಒಂದು ಗುಳಿ ಇರುತ್ತದೆ, ಅದರಲ್ಲಿ ಸೀಸ ತುಂಬಿ ತೂಕ ಸರಿ ಮಾಡುತ್ತಾರೆ, ಸೀಸದ ಮೇಲೆ ಮುದ್ರೆ ಬೀಳುತ್ತದೆ. ಇದು ನಿನಗೂ ಗೊತ್ತು. ಆದರೆ ನಮ್ಮಲ್ಲಿ ಸೀಸ ತುಂಬುವವನು ಬೇರೆ, ಮುದ್ರೆ ಒತ್ತುವವಳು ಬೇರೆ. ಸರ್ಕಾರ ತೂಗಿ ನೋಡಬೇಕು. ಸುಳ್ಳು ತಕ್ಕಡಿ ಇಟ್ಟವನನ್ನು ಹಿಡಿಯಬೇಕು, ಕೂಲಿ ಕಡಿಮೆ ಕೊಟ್ಟವನ ಕಿವಿ ಹಿಂಡಬೇಕು, ಇದ್ದವನಿಂದ ತೆರಿಗೆ ವಸೂಲು ಮಾಡಿ ಇಲ್ಲದವನ ಮಗುವನ್ನು ಓದಿಸಬೇಕು. ಅಂಗಡಿಯನ್ನೇ ನುಂಗಬಾರದು. ತಟ್ಟೆಯ ಮೇಲೆ ತನ್ನ ಕೈ ಇಡಬಾರದು. ಇದನ್ನೇ ಅಲ್ಲವೇ ಅಡುಗೆಮನೆಯಲ್ಲಿ ಕೂತು ಜಗಳವಾಡಿದ್ದು? ಅರ್ಧ ಸಿಕ್ಕರೂ ಸಾಕು ಅನ್ನುವವಳು ಅಂತ ನೀನು ನನಗೆ ‘ಅರ್ಧ ಬ್ರೆಡ್ಡು’ ಎಂದು ಹೆಸರಿಟ್ಟಿದ್ದು?

ಅರ್ಧ ಬ್ರೆಡ್ಡು ಎಲ್ಲ ಕಲ್ಲುಗಳನ್ನೂ ತೂಗುತ್ತಾಳೆ. ಕಾಯುತ್ತಿರು.

ಅಕ್ಕ

ಫೆಬ್ರವರಿ 16

ಅರ್ಧ ಬ್ರೆಡ್ಡಿನ ಅಕ್ಕನಿಗೆ,

ಇನ್ನು ಮುಂದೆ ಅಂಚೆಗೆ ಹಾಕಬೇಡ. ಇಲ್ಲಿ ಕಾಗದಗಳನ್ನು ನನಗಿಂತ ಮೊದಲು ಓದುವವರಿದ್ದಾರೆ. ಈ ಪತ್ರ ತರುವ ಲಾರಿ ಡ್ರೈವರ್ ಕೈಗೇ ಉತ್ತರ ಕೊಡು. ಮೀಸೆಯವನು, ಮಾತು ಕಡಿಮೆ, ನಂಬಬಹುದು.

ಬೈದಿದ್ದೀಯ, ಬೈಸಿಕೊಂಡೆ. ‘ಮಾಲೀಕ’ ಅಂದದ್ದು ನಿಜ. ಹುಕುಮಿನಲ್ಲಿ ಹಾಗೆಯೇ ಬರೆದಿತ್ತು, ನಾನು ಓದಿದೆ. ನನಗಾಗ ಇಪ್ಪತ್ತೊಂಬತ್ತು. ಲೋಕವನ್ನೇ ಸರಿ ಮಾಡುವಾಗ ಅಪ್ಪನೊಬ್ಬನನ್ನು ಬಿಟ್ಟುಬಿಡುವುದಕ್ಕೆ ಆಗುತ್ತದೆಯೇ ಅನ್ನಿಸಿತ್ತು. ಸ್ಟೂಲಿನ ವಿಷಯ ನಿನಗೆ ಗೊತ್ತಿರುವುದು ಲೇತಿನವನು ಬರೆದಷ್ಟೇ. ಅದನ್ನು ಬಿಡು.

ಆದರೆ ನಿಮ್ಮ ಸರ್ಕಾರದ ಬಗ್ಗೆ ಇಷ್ಟೊಂದು ಬೀಗಬೇಡ. ನಿಮ್ಮ ಪೇಟೆಯಲ್ಲಿ ಪ್ರತಿ ತಕ್ಕಡಿಯೂ ಕೂದಲೆಳೆಯಷ್ಟು ಸರಿ, ಒಪ್ಪಿದೆ. ಕಿಲೋ ಅಂದರೆ ಕಿಲೋ. ಆದರೆ ಆ ತಕ್ಕಡಿ ಮುಂದೆ ಖಾಲಿ ಚೀಲ ಹಿಡಿದು ನಿಂತವನ ಗತಿ ಏನು? ಅವನಿಗೆ ನಿಮ್ಮ ಮುದ್ರೆ ತೋರಿಸುತ್ತೀರಾ? ಹೋದ ವರ್ಷ ನಿಮ್ಮ ಹಿಟ್ಟಿನ ಗಿರಣಿಯವನು ಎಂಬತ್ತು ಜನರನ್ನು ಒಂದೇ ದಿನ ಹೊರಗಟ್ಟಿದನಲ್ಲ, ಅವನ ತಕ್ಕಡಿಗೂ ನೀನೇ ಮುದ್ರೆ ಒತ್ತಿದ್ದು. ತೂಕ ಸರಿ ಇತ್ತು, ಅಲ್ಲವೇ? ಇಲ್ಲಿ ಯಾರನ್ನೂ ಹೊರಗಟ್ಟುವುದಿಲ್ಲ. ಕೆಲಸ ಇಲ್ಲದಿದ್ದರೂ ಕೆಲಸಕ್ಕೆ ಬರುತ್ತಾರೆ. ನಗಬೇಡ. ಮನೆಯಲ್ಲಿ ಕೂತು ಕೊರಗುವುದಕ್ಕಿಂತ ಅದು ವಾಸಿ.

ಇನ್ನೊಂದು ವಿಷಯ. ಅಮ್ಮನನ್ನು ನಿನ್ನ ಹತ್ತಿರ ಕರೆಸಿಕೊಳ್ಳುತ್ತೇನೆ ಅಂತ ಅಪ್ಪ ತೀರಿಕೊಂಡ ತಿಂಗಳಲ್ಲೇ ನೀನು ಲೇತಿನವನ ಮೂಲಕ ಹೇಳಿ ಕಳಿಸಿದ್ದೆ. ಅರ್ಜಿ ಹಾಕಿದ್ದೇನೆ ಅಂದಿದ್ದೆ. ಆ ಅರ್ಜಿ ಈಗ ನಿಮ್ಮ ಯಾವ ಸಮಿತಿಯ ಯಾವ ಉಪಸಮಿತಿ ಮುಂದಿದೆ? ಮೂರು ವರ್ಷದಲ್ಲಿ ನಾವು ಒಂದು ದೇಶವನ್ನೇ ತಲೆಕೆಳಗು ಮಾಡಿದೆವು. ನಿಮಗೆ ಒಬ್ಬ ಮುದುಕಿಯನ್ನು ಸೇತುವೆ ದಾಟಿಸಲು ಆಗಲಿಲ್ಲ.

ಕಲ್ಲುಗಳಿಗೆ ಮುದ್ರೆ ಒತ್ತಿಬಿಡು, ಅಕ್ಕ. ಮಾರ್ಚ್ ಐದು ಹತ್ತಿರ ಬಂತು. ಅಮ್ಮ ಚೆನ್ನಾಗಿದ್ದಾಳೆ.

ತಮ್ಮ

ಫೆಬ್ರವರಿ 20

ತಮ್ಮನಿಗೆ,

ತೂಗಿದೆ.

ನಮ್ಮ ಕಚೇರಿಯಲ್ಲಿ ಮೂಲ ಕಿಲೋ ಒಂದಿದೆ. ಹಿತ್ತಾಳೆಯದು, ಗಾಜಿನ ಪೆಟ್ಟಿಗೆಯೊಳಗೆ ಇರುತ್ತದೆ. ಬೆರಳಿನ ಬೆವರು ಕೂಡ ಅದಕ್ಕೆ ಭಾರ ಅಂತ ಇಕ್ಕಳದಲ್ಲಿ ಎತ್ತಬೇಕು. ನಿನ್ನ ನಲವತ್ತು ಕಲ್ಲುಗಳನ್ನೂ ಒಂದೊಂದಾಗಿ ಅದರ ಎದುರು ಇಟ್ಟೆ. ನಲವತ್ತಕ್ಕೆ ನಲವತ್ತೂ ಒಂಬೈನೂರ ನಲವತ್ತು ಗ್ರಾಂ. ಕಿಲೋಗೆ ಅರವತ್ತು ಗ್ರಾಂ ಕಡಿಮೆ. ಒಂದೂ ಆಚೀಚೆ ಇಲ್ಲ. ಭೇಷ್! ಕಳ್ಳತನದಲ್ಲೂ ಸಮಾನತೆ ತಂದಿದ್ದೀರಿ.

ಕಲ್ಲು ಮಗುಚಿ ನೋಡಿದೆ. ಗುಳಿಯಿಂದ ಸೀಸ ಕೆರೆದಿದ್ದಾರೆ. ಅಪ್ಪನ ಕಲ್ಲುಗಳಲ್ಲೂ ಕೆರೆದಿದ್ದಾರೆ. ಅಪ್ಪ ಯಾವತ್ತೂ ಸರಿ ತೂಕಕ್ಕಿಂತ ಒಂದು ಸಾಸಿವೆ ಕಾಳಿನಷ್ಟು ಸೀಸ ಹೆಚ್ಚಿಗೆ ಬಿಡುತ್ತಿದ್ದರು, ನೆನಪಿದೆಯಾ? “ತಪ್ಪಾದ್ರೆ ತಗೊಳ್ಳೋನ ಕಡೆಗೇ ತಪ್ಪಾಗ್ಲಿ ಮಗಾ” ಅನ್ನುತ್ತಿದ್ದರು. ಆ ಸಾಸಿವೆಯನ್ನೂ ಬಿಡದೆ ಕೆರೆದಿದ್ದೀರಿ. ಅಪ್ಪನ ಕಲ್ಲು ಕೈಯಲ್ಲಿ ಹಿಡಿದು ಕೂತಿದ್ದೆ. ಬಂದದ್ದು ಸಿಟ್ಟು, ಅಳುವಲ್ಲ. ಅಳುವುದನ್ನು ಮೂರು ವರ್ಷದ ಹಿಂದೆಯೇ ಮುಗಿಸಿದ್ದೇನೆ.

ಈಗ ನಿನ್ನ ಜುಟ್ಟು ನನ್ನ ಕೈಯಲ್ಲಿದೆ. ಒಂದು ವರದಿ ಬರೆದರೆ ಸಾಕು. ಇಲ್ಲಿಂದ ಅಲ್ಲಿಯ ಮೇಲಿನವರಿಗೆ ಹೋಗುತ್ತದೆ, ಅವರು ಮರ್ಯಾದೆ ಉಳಿಸಿಕೊಳ್ಳಲು ಯಾರ ತಲೆ ಕೊಡುತ್ತಾರೆ ಅಂತ ನಿನಗೆ ಹೇಳಬೇಕೇ? ಆದರೆ ವರದಿ ಬರೆದರೆ ಹಿಟ್ಟೂ ನಿಲ್ಲುತ್ತದೆ. ಅದಕ್ಕೇ ಇನ್ನೂ ಪೆನ್ನು ಎತ್ತಿಲ್ಲ.

ಒಂದೇ ಪ್ರಶ್ನೆ. ಅಪ್ಪನ ಕಲ್ಲು ಕೆರೆದ ಕೈ ಯಾರದು?

ಅಕ್ಕ

ಫೆಬ್ರವರಿ 25

ಅಕ್ಕ,

ನನ್ನದು.

ಬೇರೆ ಯಾರಿಗೂ ಬಿಡಲಿಲ್ಲ. ಕೆರೆಯಲೇಬೇಕು ಅಂದಮೇಲೆ ಗುಳಿಯ ಅಂಚು ಹಾಳಾಗದ ಹಾಗೆ ಕೆರೆಯಲು ನಮ್ಮಲ್ಲಿ ಬರುತ್ತಿದ್ದುದು ನನಗೊಬ್ಬನಿಗೇ.

ಕಳ್ಳತನ ಅಂದೆಯಲ್ಲ. ಒಂದು ಗ್ರಾಂ ಹಿಟ್ಟೂ ಯಾರ ಮನೆಗೂ ಹೋಗಿಲ್ಲ. ಪ್ರತಿ ಡಿಪೋಗೆ ನಾನೂರು ಜನ, ವಾರಕ್ಕೆ ತಲೆಗೊಂದು ಕಿಲೋ. ಬರುತ್ತಿದ್ದ ಹಿಟ್ಟು ಮುನ್ನೂರ ಎಪ್ಪತ್ತಾರು ಕಿಲೋ. ನಿಮ್ಮ ಒಪ್ಪಂದದಲ್ಲೂ ಅಷ್ಟೇ ಬರುವುದು. ಮೊದಲ ವರ್ಷ ಸಾಲಿನ ಕೊನೆಯ ಇಪ್ಪತ್ತನಾಲ್ಕು ಜನ ಬರಿಗೈಯಲ್ಲಿ ಹೋಗುತ್ತಿದ್ದರು. ಡಿಪೋದ ಮೇಲೆ ‘ಎಲ್ಲರಿಗೂ ಒಂದು ಕಿಲೋ’ ಅಂತ ದೊಡ್ಡ ಬೋರ್ಡು, ಕೆಳಗೆ ಖಾಲಿ ಚೀಲ ಹಿಡಿದ ಮುದುಕರು. ಮೇಲಿನವರು ಕೂತು ಯೋಚಿಸಿದರು. ಹಿಟ್ಟು ಹೆಚ್ಚಿಸಲು ಆಗಲಿಲ್ಲ, ಬೋರ್ಡು ಇಳಿಸಲು ಮನಸ್ಸಿರಲಿಲ್ಲ. ಕಿಲೋವನ್ನೇ ಸಣ್ಣದು ಮಾಡಿದರು. ಅಲ್ಲಿಂದ ಇಲ್ಲಿಯವರೆಗೆ ನಾನೂರು ಜನರಿಗೂ ಸಿಗುತ್ತಿದೆ. ಇದು ತಪ್ಪಾ, ಹೇಳು. ನಿಮ್ಮಲ್ಲಾಗಿದ್ದರೆ ಇದ್ದವರು ಎರಡು ಕಿಲೋ ಒಯ್ದು, ಇಲ್ಲದವರಿಗೆ ಒಂದು ಭಾಷಣ ಸಿಗುತ್ತಿತ್ತು.

ಆದರೆ ಒಂದು ಮಾತು ನನಗೂ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿದೆ. ಬೋರ್ಡಿನ ಮೇಲೆ ‘ಈ ವರ್ಷ ಒಂಬೈನೂರ ನಲವತ್ತು’ ಅಂತ ಬರೆದಿದ್ದರೆ ಜನ ತಡೆದುಕೊಳ್ಳುತ್ತಿದ್ದರು. ನಾನು ಸಭೆಯಲ್ಲಿ ಹೇಳಿದೆ. “ನಿನ್ನಕ್ಕನ ಗಾಳಿ ಬೀಸ್ತಾ ಇದೆ ನಿನಗೆ” ಅಂದರು. ಬಾಯಿ ಮುಚ್ಚಿಕೊಂಡೆ.

ವರದಿ ಬರೆಯುವುದಾದರೆ ಬರೆ. ನಾನು ಕಾಲು ಹಿಡಿಯುವುದಿಲ್ಲ. ಮುದ್ರೆ ಒತ್ತುವುದಾದರೆ ಒತ್ತು, ನಾನೂರು ಜನ ಉಣ್ಣುತ್ತಾರೆ. ಅಮ್ಮ ಚೆನ್ನಾಗಿದ್ದಾಳೆ.

ತಮ್ಮ

ಮಾರ್ಚ್ 3

ಪ್ರೀತಿಯ ತಮ್ಮನಿಗೆ,

ನಲವತ್ತು ಕಲ್ಲುಗಳನ್ನೂ ಮೀಸೆ ಡ್ರೈವರ್ ಲಾರಿಯಲ್ಲಿ ಕಳಿಸಿದ್ದೇನೆ. ಎಲ್ಲಕ್ಕೂ ಮುದ್ರೆ ಬಿದ್ದಿದೆ. ಮುದ್ರೆ ಕೆಡಿಸದೆ ಯಾರಿಗೂ ಸೀಸ ಮುಟ್ಟಲು ಆಗುವುದಿಲ್ಲ, ಅದು ನಿನಗೆ ಗೊತ್ತೇ ಇದೆ. ಮೊದಲ ದಿನ ನಮ್ಮವರು ಬಂದು ಮುದ್ರೆ ನೋಡುತ್ತಾರೆ.

ವರದಿ ಬರೆದಿಲ್ಲ. ನೀನು ಹೇಳಿದ ಹಾಗೆ ಎಲ್ಲವೂ ಸುಸೂತ್ರವಾಗಿ ನಡೆಯಲಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ನಾವು.

ನಿನ್ನ ಅಕ್ಕ

ಮಾರ್ಚ್ 7

ಅಕ್ಕ,

ಪೆಟ್ಟಿಗೆ ತಲುಪಿತು. ನಾನೇ ಬಿಚ್ಚಿದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆ.

ನಾಳೆ ಡಿಪೋಗಳಿಗೆ ಹೋಗುತ್ತವೆ. ಮುಂಬಾಗಿಲಿನಿಂದಲೇ ಕಳಿಸುತ್ತೇನೆ.

ಅಮ್ಮ ಚೆನ್ನಾಗಿದ್ದಾಳೆ.

ತಮ್ಮ

ಮಾರ್ಚ್ 18

ಏನಪ್ಪಾ ಅಧ್ಯಕ್ಷ,

ಇನ್ನೂ ಅಧ್ಯಕ್ಷನೇ ಹೌದೋ? ನಮ್ಮ ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು ಬಂದಿದೆ. ಆಚೆ ದಡದ ರೇಷನ್ ಡಿಪೋಗಳಲ್ಲಿ ಸಾಲು ಕರಗುವ ಮೊದಲೇ ಹಿಟ್ಟು ಮುಗಿದು ಗಲಾಟೆ, ಬೋರ್ಡುಗಳನ್ನು ಕಿತ್ತು ರಸ್ತೆಗೆ ಎಸೆದರು, ವಿಚಾರಣೆಗೆ ಆದೇಶ ಅಂತ. ಕತ್ತರಿಸಿ ಅಪ್ಪನ ಫೋಟೋ ಕೆಳಗೆ ಸಿಕ್ಕಿಸಿದ್ದೇನೆ.

ಇಷ್ಟು ಹೊತ್ತಿಗೆ ನಿನಗೆ ಅರ್ಥ ಆಗಿರುತ್ತದೆ. ಆದರೂ ನನ್ನ ಬಾಯಿಂದ ಕೇಳು, ನನಗದು ಹಬ್ಬ. ಭಾನುವಾರ ಮಧ್ಯಾಹ್ನ, ಕಚೇರಿಗೆ ರಜೆ. ಹಿಂದಿನ ಕೋಣೆಯ ಒಲೆಯ ಮೇಲೆ ಕಬ್ಬಿಣದ ಸೌಟಿನಲ್ಲಿ ಸೀಸ ಕರಗಿಸಿದೆ. ನಲವತ್ತು ಗುಳಿಗೂ ಅರವತ್ತು ಗ್ರಾಂ ಹುಯ್ದೆ. ಮೇಲೆ ಅಪ್ಪನ ಸಾಸಿವೆ ಕಾಳು. ಆಮೇಲೆ ಮುದ್ರೆ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ತೂಗುವ ಕೈಯಿಂದ ಸೀಸ ಮುಟ್ಟಿದ್ದು ಇದೇ ಮೊದಲು. ಗೊತ್ತಾದರೆ ನನ್ನ ಕೆಲಸ ಹೋಗುತ್ತದೆ. ಹೋಗಲಿ.

ಸುಳ್ಳು ಹೇಳಲಿಲ್ಲ ನಾನು, ಚಾಡಿ ಬರೆಯಲಿಲ್ಲ. ನಿಮ್ಮ ಕಿಲೋವನ್ನು ಕಿಲೋ ಮಾಡಿ ಕಳಿಸಿದೆ, ಅಷ್ಟೇ. ನಿಮ್ಮ ಸರ್ಕಾರ ನಿಜವಾದ ಒಂದು ಕಿಲೋದ ಭಾರ ಎರಡು ತಾಸು ತಡೆಯಲಿಲ್ಲ. ಇಪ್ಪತ್ತನಾಲ್ಕು ಜನ ಬರಿಗೈಯಲ್ಲಿ ಹೋಗುತ್ತಾರೆ ಅಂತ ನೀನು ಬರೆದಿದ್ದೆ. ಅದು ಗೊತ್ತಿದ್ದೇ ಮಾಡಿದೆ. ಹೋಗಲಿ, ಒಂದೆರಡು ವಾರ. ಅವರ ಹಸಿವಿಗೆ ಉತ್ತರ ಕೊಡಬೇಕಾದವರು ಬೋರ್ಡು ಬರೆದವರು.

ಈಗ ಹೇಳು. ಸ್ಟೂಲು ಹೇಗಿದೆ? ಕುಂಡೆ ನೋಯುತ್ತದೆಯಾ?

ಅಕ್ಕ

ಏಪ್ರಿಲ್ 2

ಅಕ್ಕ,

ನೀನು ಕೇಳಿದ್ದು ನಡೆದಿದೆ. ಮಾರ್ಚ್ ಇಪ್ಪತ್ತರಿಂದ ನಾನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೇನೆ. ಒಂದು ಕಾಲು ಗಿಡ್ಡ, ಅದರ ಕೆಳಗೆ ಅಪ್ಪ ಮಡಿಸಿಟ್ಟ ತಗಡಿನ ಚೂರು ಇನ್ನೂ ಇದೆ. ಹೊಸ ಅಧ್ಯಕ್ಷ ಲೇತಿನವನು. ಹುಕುಂ ಓದುವಾಗ ನನ್ನನ್ನು ‘ಮಾಲೀಕನ ಮಗ’ ಅಂದ. ಖುಷಿಪಡು. ನಿನಗೆ ಆ ಹಕ್ಕಿದೆ.

ಆದರೆ ಲೆಕ್ಕ ತೀರಿತು ಅಂದುಕೊಳ್ಳುವ ಮೊದಲು ಉಳಿದದ್ದನ್ನೂ ಕೇಳಿಸಿಕೋ.

ಸ್ಟೂಲನ್ನು ಅಪ್ಪನಿಗೆ ಕೊಟ್ಟದ್ದು ನಾನಲ್ಲ. ಅಪ್ಪನೇ ಕೇಳಿ ತೆಗೆದುಕೊಂಡರು. “ಉಳಿ ಬೇಕಾದ್ರೆ ನೀನೇ ಇಟ್ಕೋ. ನನಗೆ ಬಾಗ್ಲು ಕೊಡು. ಹೊರಗೆ ಹೋಗೋ ಪ್ರತಿ ಕಲ್ಲೂ ನನ್ನ ಕೈ ಮೇಲಿಂದ ಹೋಗ್ಲಿ” ಅಂದರು. ಕೊಟ್ಟೆ. ಹದಿನಾಲ್ಕು ತಿಂಗಳು ಹಾಗೇ ನಡೆಯಿತು. ಕಣ್ಣು ಮುಚ್ಚಿ ಅಂಗೈಯಲ್ಲಿ ಹಿಡಿದು “ಹೂಂ” ಅಂದರೆ ಕಲ್ಲು ಹೊರಗೆ, “ಊಹೂಂ” ಅಂದರೆ ಒಳಗೆ. ಅಪ್ಪನಿಗೆ ಅದರಲ್ಲಿ ಸಂತೋಷವಿತ್ತು, ಅಕ್ಕ. ಆಣೆ ಮಾಡಿ ಹೇಳುತ್ತೇನೆ.

ಆಮೇಲೆ ಕೆರೆಯುವ ಹುಕುಂ ಬಂತು. ಕೆರೆದ ಕಲ್ಲುಗಳನ್ನು ಅವರ ಕೈಗೆ ಕೊಡುವ ಧೈರ್ಯ ನನಗಾಗಲಿಲ್ಲ. ಹಿಂದಿನ ಕಿಟಕಿಯ ಸರಳು ಕಿತ್ತೆ. ಕಲ್ಲುಗಳನ್ನೆಲ್ಲ ಆ ಕಿಟಕಿಯಿಂದ ಸಾಗಿಸಿದೆ. ಅಪ್ಪ ಮುಂಬಾಗಿಲಲ್ಲಿ ಅಂಗೈ ಚಾಚಿ ಕೂತಿದ್ದರು, ಒಂದು ಕಲ್ಲೂ ಬರಲಿಲ್ಲ. ಮೊದಲ ದಿನ “ಯಾಕೋ, ಕೆಲ್ಸ ಇಲ್ವಾ?” ಅಂದರು. ಇಲ್ಲ ಅಂದೆ. ಒಳಗೆ ಲೇತ್ ತಿರುಗುತ್ತಿದ್ದ ಸದ್ದು ಅವರಿಗೆ ಕೇಳುತ್ತಿತ್ತು. ಎರಡನೇ ದಿನದಿಂದ ಏನೂ ಕೇಳಲಿಲ್ಲ. ಐದನೇ ದಿನ ಹೋಗಿಬಿಟ್ಟರು. ಅದಕ್ಕೇ ನಿನಗೆ ಬರೆಯಲಾಗಲಿಲ್ಲ. ಏನಂತ ಬರೆಯಲಿ?

ಮಾರ್ಚ್ ಏಳಕ್ಕೆ ನಿನ್ನ ಮೊದಲ ಕಲ್ಲು ಕೈಗೆತ್ತಿಕೊಂಡೆ. ಎತ್ತಿದ ಕೂಡಲೇ ಗೊತ್ತಾಯಿತು. ಅರವತ್ತು ಗ್ರಾಂ ಅಷ್ಟೇ ಅಲ್ಲ, ಸಾಸಿವೆ ಕಾಳು ಕೂಡ. ಬಾಯಿಬಿಟ್ಟು ಹೇಳಿದ್ದರೆ, ಮೇಲಿನವರು ಏನಾದರೂ ನೆಪ ಹೇಳಿ ಹಂಚಿಕೆ ಮುಂದೂಡುತ್ತಿದ್ದರು. ಹೇಳಲಿಲ್ಲ. ಅಪ್ಪನ ಸೇಡು ನಿನಗೊಬ್ಬಳಿಗೇ ಇತ್ತು ಅಂದುಕೊಂಡೆಯಾ? ನಲವತ್ತನ್ನೂ ಅಪ್ಪನ ಸ್ಟೂಲಿನ ಪಕ್ಕದಲ್ಲೇ, ಮುಂಬಾಗಿಲಿನಿಂದ ಕಳಿಸಿದೆ.

ಈಗ ಅಮ್ಮನ ವಿಷಯ. ನಾನು ನಿನಗೆ ಸುಳ್ಳು ಬರೆಯುತ್ತಿದ್ದೆ. ಅಮ್ಮ ನನ್ನ ಜೊತೆಗಿಲ್ಲ. ಅಪ್ಪ ಹೋದ ದಿನದಿಂದ ಕಾರ್ಖಾನೆಯ ಹಿಂದಿನ ಹಳೇ ಕೋಣೆಯಲ್ಲಿ ಒಬ್ಬಳೇ ಇದ್ದಾಳೆ. ಕಣ್ಣು ಮಂಜಾಗಿದೆ. ನಾನು ಏನಾದರೂ ಒಯ್ದರೆ ಬಾಗಿಲು ತೆಗೆಯುವುದಿಲ್ಲ. ಡಿಪೋದಲ್ಲಿ ಮಾಲೀಕರ ಮನೆಯವರಿಗೆ ಬೇರೆ ಪಟ್ಟಿ, ಎಲ್ಲರದೂ ಆದಮೇಲೆ ಅವರದು. ನಾನೂರರಲ್ಲಿ ಅಮ್ಮನ ನಂಬರು ಮುನ್ನೂರ ತೊಂಬತ್ತೊಂದು.

ಮುನ್ನೂರ ಎಪ್ಪತ್ತಾರಕ್ಕೆ ಹಿಟ್ಟು ಮುಗಿಯುತ್ತದೆ ಅಂತ ನನಗೆ ಗೊತ್ತಿತ್ತು. ಅಮ್ಮನ ನಂಬರೂ ಗೊತ್ತಿತ್ತು. ನನ್ನ ಪಾಲು ಕೊಟ್ಟರಾಯಿತು ಅಂದುಕೊಂಡೆ. ಅವಳು ತೆಗೆದುಕೊಳ್ಳುವುದಿಲ್ಲ ಅಂತಲೂ ಗೊತ್ತಿತ್ತು. ಆದರೂ ಕಳಿಸಿದೆ.

ಮೊದಲ ವಾರ ಅಮ್ಮ ಖಾಲಿ ಚೀಲ ಹಿಡಿದು ನಿಂತಿದ್ದಳಂತೆ. ಗಲಾಟೆಯಲ್ಲಿ ಪಕ್ಕದ ಮನೆಯಾಕೆ ತನ್ನ ಚೀಲವನ್ನು ಅಮ್ಮನ ಕೈಗೆ ಕೊಟ್ಟು ಸೆರಗು ಸರಿ ಮಾಡಿಕೊಂಡಳಂತೆ. ಅಮ್ಮ ಆ ಚೀಲವನ್ನು ಎರಡು ಸಲ ಮೇಲೆ ಕೆಳಗೆ ಮಾಡಿ, ಮುಖವೆಲ್ಲ ಅರಳಿ, “ಅಯ್ಯೋ, ಇದು ನಮ್ಮೋರ ಕಿಲೋ ಕಣೇ!” ಅಂದಳಂತೆ. ಆಮೇಲೆ ಚೀಲ ವಾಪಸು ಕೊಟ್ಟು ಬರಿಗೈಯಲ್ಲಿ ಮನೆಗೆ ಹೋದಳು. ಮೂರು ವಾರ ಬರಿಗೈಯಲ್ಲೇ ಹೋದಳು. ಏನು ತಿಂದಳು ಅಂತ ನನಗೆ ಗೊತ್ತಿಲ್ಲ.

ಈಗ ನಿನ್ನ ಕಲ್ಲುಗಳು ಡಿಪೋಗಳಲ್ಲಿ ಗಾಜಿನ ಡಬ್ಬದೊಳಗಿವೆ, ನಿಮ್ಮ ಇನ್ಸ್‌ಪೆಕ್ಟರುಗಳು ಬಂದಾಗ ತೋರಿಸಲು. ತೂಗುವುದು ಬೇರೆ ಕಲ್ಲುಗಳಲ್ಲಿ. ಹೊಸ ಬೋರ್ಡು ಬಂದಿದೆ, ಹಳೆಯದಕ್ಕಿಂತ ದೊಡ್ಡದು.

ತಮ್ಮ

ಏಪ್ರಿಲ್ 8

ತಮ್ಮ,

ನಿನ್ನ ಕಾಗದ ಓದಿದೆ. ನಿಂತೇ ಓದಿದೆ, ಮುಗಿದ ಮೇಲೂ ಕೂರಲು ಆಗಲಿಲ್ಲ.

ನಾಲ್ಕು ಸಲ ನನ್ನ ಕಣ್ಣು ನಿನ್ನ ಮಾತಿನ ಮೇಲೆ ಹಾದುಹೋಗಿದೆ, ‘ಅಮ್ಮ ಚೆನ್ನಾಗಿದ್ದಾಳೆ’ ಅನ್ನುವ ಸಾಲಿನ ಮೇಲೆ. ನಲವತ್ತು ಕಲ್ಲುಗಳನ್ನು ಇಕ್ಕಳದಲ್ಲಿ ಹಿಡಿದು ತೂಗಿದವಳು, ಆ ಸಾಲನ್ನು ಹಾಗೇ ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಅಂತ ಹೇಳುತ್ತೇನೆ. ನಿನಗೆ ಮಾತ್ರ ಹೇಳುವುದಕ್ಕೆ ಆಗುತ್ತದೆ, ಯಾಕೆಂದರೆ ನಿನ್ನ ಕಣ್ಣಲ್ಲಿ ನಾನು ಇನ್ನು ಕೆಳಗೆ ಬೀಳಲು ಜಾಗ ಇಲ್ಲ.

ಅಮ್ಮನ ಅರ್ಜಿ ಯಾವ ಉಪಸಮಿತಿಯ ಮುಂದೆಯೂ ಇಲ್ಲ. ನನ್ನ ಮೇಜಿನ ಎರಡನೇ ಡ್ರಾಯರಿನಲ್ಲಿದೆ. ತುಂಬಿದ್ದೇನೆ, ಸಹಿ ಹಾಕಿಲ್ಲ. ಮೂರು ವರ್ಷ ಹಾಕಲಿಲ್ಲ. ನಮ್ಮ ಸರ್ಕಾರ ಕೊಡುವುದು ತಡ ಮಾಡುತ್ತದೆ, ಆದರೆ ಕೊಡುತ್ತಿತ್ತು. ನಾನೇ ಬೇಡ ಅಂದುಕೊಂಡೆ. ಅಮ್ಮ ಅಲ್ಲೇ ಇರಲಿ, ದಿನಾ ಬೆಳಗೆದ್ದು ನಿನ್ನ ಕಣ್ಣೆದುರು ಓಡಾಡುತ್ತಿರಲಿ, ಅವಳ ಮುಖ ನೋಡಿದಾಗೆಲ್ಲ ನೀನು ಮಾಡಿದ್ದು ನಿನಗೆ ಚುಚ್ಚುತ್ತಿರಲಿ ಅಂತ. ಅಮ್ಮನನ್ನು ನಿನ್ನ ಮೈಗೆ ಮುಳ್ಳಾಗಿ ಬಿಟ್ಟಿದ್ದೆ. ಅವಳು ಏನು ತಿನ್ನುತ್ತಾಳೆ ಅಂತ ಒಂದು ದಿನವೂ ಯೋಚಿಸಲಿಲ್ಲ.

ಇಪ್ಪತ್ತನಾಲ್ಕು ಜನ ಅಂತ ನೀನು ಬರೆದಾಗ ಅದನ್ನು ಬರೀ ಸಂಖ್ಯೆ ಅಂತ ಓದಿದೆ. ನಿಮ್ಮ ಮೇಲಿನವರು ಓದುವ ಹಾಗೇ ಓದಿದೆ.

ನಾನು ಮಾಡಿದ್ದನ್ನು ನಮ್ಮ ಮೇಲಧಿಕಾರಿಗೆ ಹೇಳಿದೆ. ಗಾಜಿನ ಡಬ್ಬದ ವಿಷಯವನ್ನೂ ಹೇಳಿದೆ. ನನ್ನ ವಿಷಯಕ್ಕೆ ಒಂದು ವಿಚಾರಣಾ ಸಮಿತಿ ಮಾಡಿದರು. ಡಬ್ಬದ ವಿಷಯಕ್ಕೆ, “ಮುದ್ರೆ ಇದೆ ತಾನೇ? ಒಪ್ಪಂದದಲ್ಲಿ ಮುದ್ರೆ ಇರಬೇಕು ಅಂತಿದೆ, ಅದರಲ್ಲೇ ತೂಗಬೇಕು ಅಂತ ಎಲ್ಲಿದೆ?” ಅಂದರು. ನೀನು ಕೇಳಿದರೆ ನಗುತ್ತೀಯ. ನಗು.

ಅರ್ಜಿಗೆ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ಅಮ್ಮನ ಸಹಿ ಎಲ್ಲಿ ಬೇಕೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ. ಹಾಕಿಸಿ ಮೀಸೆಯವನ ಕೈಲಿ ಕಳಿಸು. ನಿನ್ನನ್ನು ನಾನು ಕ್ಷಮಿಸಿಲ್ಲ. ಆ ಕಿಟಕಿಯನ್ನು ಸಾಯುವವರೆಗೂ ಕ್ಷಮಿಸುವುದಿಲ್ಲ. ಆದರೆ ಅವಳ ಸಹಿ ಹಾಕಿಸು.

ಅಕ್ಕ

ಏಪ್ರಿಲ್ 19

ಅಕ್ಕ,

ಅಮ್ಮ ಬಾಗಿಲು ತೆಗೆದಳು. ಮೂರು ವರ್ಷದಲ್ಲಿ ಮೊದಲ ಸಲ. ನಾನು ಸ್ಟೂಲಿಗೆ ಬಂದಿದ್ದೇನೆ ಅಂತ ಅವಳಿಗೆ ಗೊತ್ತಾಗಿತ್ತು. ನಿನ್ನ ಕಾಗದ ಓದು ಅಂದಳು. ಈ ಕೊನೆಯದು ಮಾತ್ರವಲ್ಲ, ಫೆಬ್ರವರಿಯಿಂದ ಹಿಡಿದು ನಿನ್ನವೆಲ್ಲವನ್ನೂ ಓದಿಸಿದಳು. ನಾನು ಬರೆದದ್ದನ್ನೂ ಬಾಯಲ್ಲಿ ಹೇಳಿಸಿದಳು. ಕಿಟಕಿಯ ಭಾಗ ಬಂದಾಗ ಅದನ್ನು ಬಿಟ್ಟು ಮುಂದೆ ಹೋಗಲು ನೋಡಿದೆ. “ಯಾಕೆ ನಿಲ್ಲಿಸ್ದೆ?” ಅಂದಳು.

ಓದಿ ಮುಗಿದ ಮೇಲೆ ಅರ್ಜಿ ಎಲ್ಲಿ ಅಂದಳು. ಕೊಟ್ಟೆ. ಪೆನ್ಸಿಲ್ ಗುರುತಿನ ಮೇಲೆ ಬೆರಳಾಡಿಸಿದಳು. ನಾಲ್ಕು ಮಡಿಕೆ ಮಾಡಿ ಬಟ್ಟೆಯ ಪೆಟ್ಟಿಗೆಯ ತಳಕ್ಕೆ ಹಾಕಿದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತಿದ್ದೇನೆ.

“ಅವ್ಳ ಡ್ರಾಯರಲ್ಲಿ ಮೂರು ವರ್ಷ ಇತ್ತಲ್ಲ, ನನ್ನ ಪೆಟ್ಟಿಗೇಲೂ ಮೂರು ವರ್ಷ ಇರ್ಲಿ. ಆಮೇಲೆ ನೋಡೋಣ. ಬರೀತಿದ್ದೀಯೇನೋ? ಬರಿ. ನಾನು ಇಬ್ಬರು ಮಕ್ಕಳನ್ನ ಹೆತ್ತೆ. ಒಬ್ಬ ಊರನ್ನೆಲ್ಲ ಉದ್ಧಾರ ಮಾಡೋಕೆ ಹೊರಟ. ಇನ್ನೊಬ್ಳು ನ್ಯಾಯವಾಗಿ ಅಷ್ಟಷ್ಟೇ ಉದ್ಧಾರ ಮಾಡ್ತೀನಿ ಅಂದ್ಲು. ಸರಿ, ಮಾಡ್ಕೊಳ್ಳಿ ಅಂದೆ. ಕೊನೆಗೆ ಇಬ್ರೂ ಅಪ್ಪನ ಹೆಸರು ಹೇಳ್ಕೊಂಡು ನನ್ನ ಚೀಲಕ್ಕೇ ಕೈ ಹಾಕಿದ್ರಿ.”

ನಾನು ಕಾಗದಗಳನ್ನು ಮಡಿಸಿಕೊಂಡು ಎದ್ದೆ.

ಮಾರನೇ ದಿನ ರೇಷನ್. ಈಗ ಹಿಟ್ಟು ನಾನೂರು ಜನರಿಗೂ ಸಾಲುತ್ತದೆ, ಮೊದಲಿನ ಹಾಗೆ. ಅಮ್ಮ ಡಿಪೋದಿಂದ ನೇರ ಮನೆಗೆ ಹೋಗಲಿಲ್ಲ. ಗೋಡೆ ಹಿಡಿದುಕೊಂಡು ಕಾರ್ಖಾನೆಯ ಬಾಗಿಲಿಗೆ ಬಂದಳು. ಲೇತಿನವನು, ಕೆಲಸಗಾರರು, ಲಾರಿಗೆ ಕಾಯುತ್ತಿದ್ದ ಕೂಲಿಯವರು, ಎಲ್ಲರೂ ಅಲ್ಲೇ ಇದ್ದರು. ಚೀಲವನ್ನು ನನ್ನ ಅಂಗೈ ಮೇಲೆ ಇಟ್ಟಳು.

“ಎಷ್ಟಿದೆ ಹೇಳು” ಅಂದಳು.

ನಾನು ಅವಳ ಮುಖ ನೋಡಿದೆ. ಲೇತಿನವನು ನನ್ನ ಮುಖ ನೋಡಿದ.

“ನಿಮ್ಮಪ್ಪ ಕೂತಿದ್ದ ಜಾಗದಲ್ಲಿ ಕೂತಿದ್ದೀಯ. ಕೈ ಚಾಚಿ ಐದು ದಿನ ಕಾದ್ರು ಅವ್ರು. ನಿನ್ನ ಕೈಗೆ ನಾನೇ ತಂದು ಕೊಟ್ಟಿದ್ದೀನಿ. ಗಟ್ಟಿಯಾಗಿ ಹೇಳು, ಎಲ್ಲರಿಗೂ ಕೇಳ್ಲಿ.”

“ಒಂಬೈನೂರ ನಲವತ್ತು” ಅಂದೆ.

“ಎಷ್ಟು ಕಮ್ಮಿ?”

“ಅರವತ್ತು ಗ್ರಾಂ, ಅಮ್ಮ.”

ಲೇತ್ ನಿಂತಿತ್ತು. ಅಮ್ಮ ಚೀಲ ತೆಗೆದುಕೊಂಡು, “ಮುಂದಿನ ವಾರ ಬರ್ತೀನಿ” ಅಂದು ಹೊರಟಳು. ಅವಳ ಹಿಂದೆಯೇ ಪಕ್ಕದ ಮನೆಯಾಕೆ ಬಂದು ತನ್ನ ಚೀಲವನ್ನು ನನ್ನ ಅಂಗೈ ಮೇಲೆ ಇಟ್ಟಳು. ಅವಳ ಹಿಂದೆ ಇನ್ನಿಬ್ಬರು ನಿಂತಿದ್ದರು. ನಾನು ತೂಗಿ ಹೇಳಿದೆ. ಇನ್ನು ಎಷ್ಟು ವಾರ ಹೇಳಲು ಬಿಡುತ್ತಾರೋ ಗೊತ್ತಿಲ್ಲ. ನಿನಗೆ ನನ್ನಿಂದ ಕಾಗದ ಬರುವುದು ನಿಂತರೆ, ಯಾಕೆ ಅಂತ ಮೀಸೆಯವನನ್ನು ಕೇಳಬೇಡ.

ಪ್ರತಿ ಕಾಗದದ ಕೊನೆಗೆ ನಾನೊಂದು ಸಾಲು ಬರೆಯುತ್ತಿದ್ದೆ. ಇನ್ನು ಅದನ್ನು ಬರೆಯಬೇಡ ಅಂತ ಅಮ್ಮ ಹೇಳಿದ್ದಾಳೆ.

ತಮ್ಮ